ಮಾದರಿ ರೈಲು: ಹಳಿಯ ಹಂಗು ತೊರೆಯುವ ಕಾಲ

ಮಾದರಿ ರೈಲಿನ ಇಂಜಿನು ಬಹುಕಾಲದಿಂದ ಹಳಿಯ ಮೂಲಕವೇ ವಿದ್ಯುತ್ತನ್ನು ಪಡೆಯುತ್ತ ಬಂದಿದೆ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವ ದಕ್ಷಿಣ ಕನ್ನಡಕ್ಕೆ, ಅದರಲ್ಲೂ ನೇತ್ರಾವತಿಯ ದಡದ ನರಿಕೊಂಬಿನಂತಹ ಊರುಗಳಿಗೆ, ಈ ಕ್ರಮ ಒಗ್ಗುವಂತಹುದಲ್ಲ. ತೇವಕ್ಕೆ ಹಿತ್ತಾಳೆಯ ಹಳಿ ಕಿಲುಬು ಹಿಡಿದರೆ ಚಕ್ರಕ್ಕೆ ವಿದ್ಯುತ್ ದೊರೆಯದೆ ಇಂಜಿನು ನಿಂತುಬಿಡುತ್ತದೆ.

ಬ್ಯಾಟರಿ ಮತ್ತು ನಿಸ್ತಂತು ನಿಯಂತ್ರಣ ಇದಕ್ಕೆ ತಕ್ಕ ಪರಿಹಾರ. ತಲಾ 3.7 ವೋಲ್ಟಿನ ಮೂರು ಲಿಥಿಯಂ ಕೋಶಗಳನ್ನು ಸಾಲಾಗಿ ಜೋಡಿಸಿದರೆ 11.1 ವೋಲ್ಟ್ ಲಭಿಸುತ್ತದೆ. 12 ವೋಲ್ಟಿನ ಮೋಟಾರಿಗೆ ಇದು ಸಾಕು. ವೇಗ, ದಿಕ್ಕುಗಳ ಆಜ್ಞೆಯನ್ನು 2.4 ಗಿಗಾಹರ್ಟ್ಸ್ ರೇಡಿಯೋ ತರಂಗಗಳು ಒಯ್ಯುತ್ತವೆ. ಅಲ್ಪಶಕ್ತಿಯ ಉಪಕರಣಗಳಿಗೆ ಈ ತರಂಗಪಟ್ಟಿ 2005ರಲ್ಲಿಯೇ ಪರವಾನಗಿಯಿಂದ ಮುಕ್ತವಾಗಿದೆ. ಹಳಿಯಲ್ಲಿ ವಿದ್ಯುತ್ ಹರಿಯಬೇಕಾಗಿಲ್ಲವಾದುದರಿಂದ ಅದನ್ನು ಮರದಿಂದಲೋ ಪ್ಲಾಸ್ಟಿಕ್ಕಿನಿಂದಲೋ ತಯಾರಿಸಬಹುದು. ಸಣ್ಣ ಘಟಕಗಳಿಗೆ ಬಾಗಿಲು ತೆರೆಯುವುದು ಇಲ್ಲಿಯೇ.

ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೂ 2023ರಲ್ಲಿ ಶೇ. 70ಕ್ಕೂ ಏರಿತು. ಆದರೆ ಸುಂಕದ ಆಸರೆಯೊಂದೇ ಉದ್ಯಮವನ್ನು ಕಟ್ಟಲಾರದು. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ. ಲಿಥಿಯಂ ಕೋಶ ಅತಿಯಾಗಿ ಚಾರ್ಜ್ ಆದರೆ ಬೆಂಕಿ ಹತ್ತಬಹುದಾದುದರಿಂದ ಈ ಬಿಗಿ ಅನಗತ್ಯವೆನ್ನುವಂತಿಲ್ಲ; ರಕ್ಷಣಾ ಮಂಡಲವಿಲ್ಲದ ಅಗ್ಗದ ಬ್ಯಾಟರಿಯನ್ನು ತಯಾರಕರು ದೂರವಿಡಲೇಬೇಕು. ಆದರೆ ಪರೀಕ್ಷೆಯ ವೆಚ್ಚವನ್ನು ಪ್ರತಿಯೊಂದು ಸಣ್ಣ ಘಟಕವೂ ಒಂಟಿಯಾಗಿ ಹೊರುವುದು ದುಸ್ತರ.

ಆದಕಾರಣ ಕರಾವಳಿಯ ತಯಾರಕರು ಒಗ್ಗೂಡಿ ಸಾಮಾನ್ಯ ಪರೀಕ್ಷಾ ಕೇಂದ್ರವೊಂದಕ್ಕೆ ಒತ್ತಾಯಿಸುವುದು ಲೇಸು. ಸುಂಕದ ನೆರಳು ಶಾಶ್ವತವಲ್ಲ. ಗುಣಮಟ್ಟದ ಹೆಸರು ಮಾತ್ರ ಉಳಿಯುತ್ತದೆ.