ಪತ್ರಾಗಾರಗಳ ಡಿಜಿಟಲೀಕರಣ: ಪುಟಗಳ ಲೆಕ್ಕ ಸಾಲದು, ಸೂಚಿಯೂ ಬೇಕು

2006ರ ಅರಣ್ಯ ಹಕ್ಕು ಕಾಯ್ದೆಯ ಅನ್ವಯ, ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮುನ್ನ ಮೂರು ತಲೆಮಾರು, ಅಂದರೆ 75 ವರ್ಷ, ಅರಣ್ಯದಲ್ಲಿ ನೆಲೆಸಿದ್ದುದನ್ನು ರುಜುವಾತುಪಡಿಸಬೇಕು. ಉತ್ತರ ಕನ್ನಡ ಜಿಲ್ಲೆಯಲ್ಲಿ ಸಹಸ್ರಾರು ಅರ್ಜಿಗಳು ತಿರಸ್ಕೃತಗೊಂಡಿರುವುದಕ್ಕೆ ಈ ಸಾಕ್ಷ್ಯದ ಕೊರತೆ ಪ್ರಮುಖ ಕಾರಣ. 1930ರ ಕಾಲದ ಕಾಗದವನ್ನು ಸಾಮಾನ್ಯ ರೈತ ಎಲ್ಲಿಂದ ತರಬೇಕು?

ಕಾಗದ ಇಲ್ಲವೆಂದಲ್ಲ. 1799ರಿಂದ ಮದರಾಸು ಪ್ರೆಸಿಡೆನ್ಸಿಯಲ್ಲಿದ್ದ ಕೆನರಾದ ಉತ್ತರ ಭಾಗ 1862ರಲ್ಲಿ ಮುಂಬಯಿ ಪ್ರೆಸಿಡೆನ್ಸಿಗೆ, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ತತ್ಪರಿಣಾಮವಾಗಿ ಒಂದೇ ಜಿಲ್ಲೆಯ ಸರ್ಕಾರಿ ಕಡತಗಳು ಚೆನ್ನೈ, ಮುಂಬಯಿ, ಬೆಂಗಳೂರುಗಳಲ್ಲಿ ಹಂಚಿಹೋಗಿವೆ. ಹೆಸರುಗಳ ಗೊಂದಲ ಬೇರೆ. ಹೊನ್ನಾವರವನ್ನು ಆಂಗ್ಲ ಅಧಿಕಾರಿಗಳು 'ಓನೋರ್' ಎಂದೂ ಬರೆದಿದ್ದಾರೆ. 'ಹೊನ್ನಾವರ' ಎಂದು ಹುಡುಕುವ ಗಣಕಯಂತ್ರಕ್ಕೆ ಅದು ಕಾಣುವುದಿಲ್ಲ.

ರಾಷ್ಟ್ರೀಯ ಪತ್ರಾಗಾರವು 2015ರಲ್ಲಿ 'ಅಭಿಲೇಖ್ ಪಟಲ್' ಜಾಲತಾಣವನ್ನು ಆರಂಭಿಸಿದ್ದು ಸ್ವಾಗತಾರ್ಹವೇ. ಆದರೆ ಡಿಜಿಟಲೀಕರಣದ ಪ್ರಗತಿಯನ್ನು ಸ್ಕ್ಯಾನ್ ಆದ ಪುಟಗಳ ಸಂಖ್ಯೆಯಲ್ಲಿ ಅಳೆಯುವುದು ನಮ್ಮಲ್ಲಿ ರೂಢಿಯಾಗಿದೆ. ಪುಟವನ್ನು ಪತ್ತೆಹಚ್ಚಲು ನೆರವಾಗುವ ಸೂಚಿಯ ಪರಿವರ್ತನೆ ಅಷ್ಟು ಸುದ್ದಿಯಾಗುವುದಿಲ್ಲ.

ಈ ಸಮಸ್ಯೆಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ 1993ರಲ್ಲೇ ಡೇನಿಯಲ್ ಪಿಟ್ಟಿ ನೇತೃತ್ವದ ಯೋಜನೆಯೊಂದು ಕೈಹಾಕಿತು. ಅದರ ಫಲವೇ 1998ರಲ್ಲಿ ಮೊದಲ ಆವೃತ್ತಿ ಕಂಡ 'ಎನ್‌ಕೋಡೆಡ್ ಆರ್ಕೈವಲ್ ಡಿಸ್ಕ್ರಿಪ್ಷನ್' ಎಂಬ ಮೆಟಾಡೇಟಾ ಮಾನಕ. 2002 ಹಾಗೂ 2015ರಲ್ಲಿ ಅದು ಪರಿಷ್ಕೃತಗೊಂಡಿತು. ಅಂತರರಾಷ್ಟ್ರೀಯ ಪತ್ರಾಗಾರ ಮಂಡಳಿಯ 'ಇಸಾಡ್-ಜಿ' ನಿಯಮಗಳೂ ಇದೇ ತತ್ತ್ವವನ್ನು ಪ್ರತಿಪಾದಿಸುತ್ತವೆ: ವಿವರಣೆ ಮೇಲಿನಿಂದ ಕೆಳಕ್ಕೆ ಇಳಿಯಬೇಕು. ಮೊದಲು ಕಚೇರಿ, ಅನಂತರ ಸರಣಿ, ಬಳಿಕ ಕಡತ, ಕಡೆಗೆ ಬಿಡಿ ಕಾಗದ.

ಇದು ಕೇವಲ ತಾಂತ್ರಿಕ ಶಿಸ್ತಲ್ಲ. ಕಡತವೊಂದರ ಮೇಲೆ 'ಕುಮರಿ ಬೇಸಾಯ: ಅರ್ಜಿ' ಎಂದಷ್ಟೇ ಇದೆಯೆನ್ನೋಣ. ಅದು ಕಂದಾಯ ಇಲಾಖೆಯ ಸರಣಿಯದೋ ಅರಣ್ಯ ಇಲಾಖೆಯದೋ ಎಂಬುದರ ಮೇಲೆ ಅರ್ಥವೇ ಬದಲಾಗುತ್ತದೆ. ಒಂದರಲ್ಲಿ ಅರ್ಜಿದಾರ ತೆರಿಗೆ ತೆತ್ತ ಸಾಗುವಳಿದಾರ, ಇನ್ನೊಂದರಲ್ಲಿ ಒತ್ತುವರಿದಾರ. ಮುದ್ರಿತ ಸೂಚಿಯಲ್ಲಿ ಈ ಸಂಬಂಧವನ್ನು ಶೀರ್ಷಿಕೆ ಹಾಗೂ ಸಾಲಿನ ಅಂಚು ಸೂಚಿಸುತ್ತವೆ. 'ಮೇಲಿನಂತೆ' ಎಂಬ ಚಿಕ್ಕ ಗುರುತೂ ಅದನ್ನೇ ಹೇಳುತ್ತದೆ. ಸೂಚಿಯನ್ನು ಸಾಲುಸಾಲಾಗಿ ಎಕ್ಸೆಲ್ ಹಾಳೆಗೆ ಇಳಿಸಿದಾಗ ಆ ಗುರುತು ಯಾವುದರಂತೆ ಎಂಬುದೇ ತಿಳಿಯದು. ಹಾಗೆ ಅನಾಥವಾದ ನಮೂದು ಹುಡುಕಾಟದಲ್ಲಿ ಸಿಕ್ಕರೂ ಸಾಕ್ಷ್ಯವಾಗಿ ದುರ್ಬಲ.

ಬೆರಳಚ್ಚುಗಾರರಿಂದಷ್ಟೇ ಆಗುವ ಕೆಲಸವೂ ಇದಲ್ಲ. ಹಳೆಯ ಆಡಳಿತ ವಿಭಾಗಗಳನ್ನೂ ಊರ ಹೆಸರುಗಳ ರೂಪಾಂತರಗಳನ್ನೂ ಬಲ್ಲ ಪತ್ರಾಗಾರ ಸಿಬ್ಬಂದಿ ಪ್ರತಿ ಸೂಚಿಯ ಪಕ್ಕದಲ್ಲಿ ಕುಳಿತುಕೊಳ್ಳಬೇಕಾಗುತ್ತದೆ. ಮೂರೂ ರಾಜ್ಯಗಳು ಒಂದೇ ಮಾನಕವನ್ನು ಅನುಸರಿಸಿದಲ್ಲಿ ಶಿರಸಿಯಲ್ಲಿ ಕುಳಿತವನು ಚೆನ್ನೈ, ಮುಂಬಯಿಗಳ ಸೂಚಿಗಳನ್ನು ಏಕಕಾಲಕ್ಕೆ ಶೋಧಿಸಬಹುದು. ಅರಣ್ಯ ಹಕ್ಕು ನಿಯಮಾವಳಿಯು ಗೆಜೆಟಿಯರ್, ಜನಗಣತಿ, ಸರ್ವೆ ಹಾಗೂ ಸೆಟ್ಲ್‌ಮೆಂಟ್ ವರದಿ, ನಕ್ಷೆಗಳನ್ನು ಸಾಕ್ಷ್ಯವೆಂದು ಈಗಾಗಲೇ ಒಪ್ಪಿದೆ. ಅವು ಯಾವ ಕಟ್ಟಿನಲ್ಲಿವೆ ಎಂದು ಅರ್ಜಿದಾರನಿಗೆ ತಿಳಿಸುವ ವ್ಯವಸ್ಥೆಯಷ್ಟೇ ಆಗಬೇಕಿದೆ.