ಹಕ್ಕಿಯೂ ಅದರ ಸಂದರ್ಭವೂ

‘ಸಂದರ್ಭದೊಡನೆ ಸ್ವಾರಸ್ಯವನ್ನು ವಿವರಿಸಿರಿ’ ಎಂಬ ಪ್ರಶ್ನೆಯನ್ನು ಬರೆಯದೆ ಕನ್ನಡ ಪರೀಕ್ಷೆಯನ್ನು ದಾಟಿದ ವಿದ್ಯಾರ್ಥಿ ವಿರಳ. ಮಾತನ್ನು ಯಾರು, ಯಾರಿಗೆ, ಎಲ್ಲಿ ಆಡಿದರೆಂಬುದನ್ನು ಅರಿಯದವನಿಗೆ ಅದರ ಸ್ವಾರಸ್ಯ ದಕ್ಕದೆಂದು ಅಧ್ಯಾಪಕರಾದ ನಾವು ವರ್ಷವರ್ಷವೂ ಬೋಧಿಸುತ್ತೇವೆ. ಈ ಪಾಠವನ್ನು ನಾನೇ ಸರಿಯಾಗಿ ಕಲಿತಿರಲಿಲ್ಲವೆಂಬುದು ಒಂದು ಜನವರಿಯ ಬೆಳಗ್ಗೆ ಮಲ್ಪೆಯ ಮೀನುಗಾರಿಕೆ ಬಂದರಿನಲ್ಲಿ ನನಗೆ ತಿಳಿಯಿತು.

ರಜೆ ಸಿಕ್ಕಿದಾಗ ಕ್ಯಾಮೆರಾ ಹೆಗಲಿಗೇರಿಸಿಕೊಂಡು ನೀರಹಕ್ಕಿಗಳನ್ನು ಹುಡುಕಿ ಹೋಗುವುದು ನನ್ನ ಹವ್ಯಾಸ. ಚಳಿಗಾಲದಲ್ಲಿ ಮಲ್ಪೆಯ ಧಕ್ಕೆ ಅದಕ್ಕೆ ತಕ್ಕ ಸ್ಥಳ. ಬೋಟುಗಳು ಬಂದು ಬಂಗುಡೆ, ಬೂತಾಯಿಗಳನ್ನು ಇಳಿಸುವ ಹೊತ್ತಿಗೆ ಕಂದುತಲೆಯ ಕಡಲಕ್ಕಿಗಳು ನೀರಿನ ಮೇಲೆ ಗದ್ದಲವೆಬ್ಬಿಸುತ್ತವೆ. ಟಿಬೆಟ್, ಲಡಾಖುಗಳಂತಹ ಎತ್ತರದ ನಾಡುಗಳ ಸರೋವರಗಳಲ್ಲಿ ಮರಿಮಾಡುವ ಈ ಜಾತಿಗೆ ಹೆಸರು ಕಂದುತಲೆಯದಾದರೂ ಚಳಿಗಾಲದಲ್ಲಿ ತಲೆ ಬಿಳಿ. ಕಣ್ಣಿನ ಹಿಂದೊಂದು ಕಪ್ಪು ಬೊಟ್ಟು ಮಾತ್ರ. ಮೇಲೆ ಗರುಡಗಳು ಸುತ್ತುತ್ತವೆ. ಬೆಳ್ಳಕ್ಕಿಗಳಂತೂ ಜನರ ಕಾಲುಗಳ ನಡುವೆಯೇ ನುಸುಳಾಡುತ್ತವೆ.

ಅಂದು ಬೂದುಗಪ್ಪು ಮೈಯ, ಬಿಳಿಗಂಟಲಿನ ಬಕವೊಂದು ಧಕ್ಕೆಯ ಅಂಚಿನಲ್ಲಿ ನಿಂತಿತ್ತು. 400 ಮಿಲಿಮೀಟರಿನ ಟೆಲಿಫೋಟೋ ಮಸೂರದಿಂದ ದೂರದಲ್ಲೇ ನಿಂತು ಅದರ ಚಿತ್ರ ತೆಗೆದೆ. ಗರಿಗರಿಯೂ ಎಣಿಸುವಂತೆ ಮೂಡಿತ್ತು; ಹಿಂದೆ ಹಸುರುನೀಲಿಯ ಮಬ್ಬು. ಹತ್ತಿರವೇ ಮೀನು ವಿಂಗಡಿಸುತ್ತಿದ್ದ ಹಿರಿಯ ಹೆಂಗಸೊಬ್ಬರು ಕುತೂಹಲದಿಂದ ನೋಡುತ್ತಿದ್ದುದರಿಂದ ಅವರಿಗೂ ತೋರಿಸಿದೆ. ನನ್ನ ವೃತ್ತಿಯನ್ನು ಅವರು ಮೊದಲೇ ವಿಚಾರಿಸಿಕೊಂಡಿದ್ದರು.

“ಚಂದ ಉಂಟು ಮಾಷ್ಟ್ರೇ. ಆದರೆ ಇದು ನನ್ನ ಬುಟ್ಟಿಯ ಹತ್ತಿರವೇ ನಿಂತಿತ್ತಲ್ಲ, ಬುಟ್ಟಿ ಎಲ್ಲಿ?”

ನನ್ನಲ್ಲಿ ಉತ್ತರವಿರಲಿಲ್ಲ. ಅವರು ಬದಿಗೆಸೆದ ಸಣ್ಣ ಮೀನಿಗಾಗಿಯೇ ಆ ಹಕ್ಕಿ ಅಲ್ಲಿ ಕಾದಿತ್ತು. ನನ್ನ ಚಿತ್ರದಲ್ಲಾದರೋ ಅದು ಮನುಷ್ಯರೇ ಇಲ್ಲದ ಕಡಲಿನ ಏಕಾಂಗಿ ತಪಸ್ವಿ!

ತಪ್ಪು ಮಸೂರದ್ದೆನ್ನುವಂತಿಲ್ಲ, ಅದರ ಗುಣವೇ ಅದು. 50 ಮಿಲಿಮೀಟರಿನ ಸಾಮಾನ್ಯ ಮಸೂರ ಸುಮಾರು 46 ಡಿಗ್ರಿಗಳಷ್ಟು ನೋಟವನ್ನು ಒಳಗೊಂಡರೆ, 400 ಮಿಲಿಮೀಟರಿನದು ಕೇವಲ 6 ಡಿಗ್ರಿಗಳಷ್ಟನ್ನು ಕತ್ತರಿಸಿಕೊಡುತ್ತದೆ. ಉಳಿದದ್ದೆಲ್ಲ ಹೊರಗೆ. ಒಳಗುಳಿದುದರಲ್ಲಿಯೂ ಹಕ್ಕಿಯ ಹಿಂದಿನ ಬಲೆ, ಹಗ್ಗ, ಬೋಟುಗಳು ಬಣ್ಣದ ಮಂಜಾಗಿ ಕರಗುತ್ತವೆ. ಇದನ್ನೇ ನಾವು ‘ಶುಭ್ರವಾದ ಹಿನ್ನೆಲೆ’ ಎಂದು ಹೊಗಳುತ್ತೇವೆ.

ಈ ಮಸೂರದ ಉಪಕಾರವನ್ನು ಮರೆಯಲೂ ಆಗದು. ಇಂಗ್ಲೆಂಡಿನ ಕಿಯರ್ಟನ್ ಸಹೋದರರು 1900ರ ಸುಮಾರಿಗೆ ಹಕ್ಕಿಗಳ ಸಮೀಪಕ್ಕೆ ಹೋಗಲು ಎತ್ತಿನ ಚರ್ಮದಿಂದ ಮಾಡಿದ ಟೊಳ್ಳು ಬೊಂಬೆಯೊಳಗೆ ಅಡಗಿ ಕೂರುತ್ತಿದ್ದರು. ಇಂದು ನಾವು ಹಕ್ಕಿಯನ್ನು ಬೆದರಿಸದೆ ದೂರದಿಂದಲೇ ನೋಡಬಲ್ಲೆವು. ದೂರ ನಿಲ್ಲಲು ಕಲಿಸುವಷ್ಟರ ಮಟ್ಟಿಗೆ ಈ ಮಸೂರ ಸಜ್ಜನನೇ ಸರಿ. ಹಕ್ಕಿಯ ಜಾತಿಯನ್ನು ಗುರುತಿಸಲೂ ಅದರ ಸಹಾಯ ಬೇಕು.

ನನ್ನ ಆಕ್ಷೇಪ ಬೇರೆ. ಬಂದರಿನ ಹಕ್ಕಿಯನ್ನು ಬಂದರಿನಿಂದ ಬಿಡಿಸಿ ತೋರಿಸುತ್ತ ಹೋದರೆ, ನಿಸರ್ಗವೆಂದರೆ ಮನುಷ್ಯನಿಲ್ಲದ ಚೆಲುವು, ದುಡಿಯುವ ಜನ ಅದಕ್ಕಂಟಿದ ಕೊಳೆ ಎಂಬ ಭಾವನೆ ನೋಡುವವರಲ್ಲಿ ಬೇರೂರುತ್ತದೆ. ವಸ್ತುಸ್ಥಿತಿ ಅದಲ್ಲ. ಆ ಬಕದ ಹೊಟ್ಟೆಯೂ ಆ ತಾಯಿಯ ಕೂಲಿಯೂ ಒಂದೇ ಮೀನಿಗೆ ಕಟ್ಟುಬಿದ್ದಿವೆ. ಜೂನ್ 1ರಿಂದ ಜುಲೈ 31ರ ವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಾಗ ಅವರ ಬುಟ್ಟಿ ಬರಿದು. ಬುಟ್ಟಿಯ ಪಕ್ಕದಲ್ಲಿ ಕಾಯುವ ಹಕ್ಕಿಗೂ ಆ ಊಟವಿಲ್ಲ. ನೀರಿನ ಮೇಲೆ ಎಣ್ಣೆ ಹರಡಿದರೆ, ಕಡಲಲ್ಲಿ ಮೀನು ಕುಗ್ಗಿದರೆ, ಕೇಡು ಇಬ್ಬರಿಗೂ. ಒಬ್ಬರನ್ನು ಚೌಕಟ್ಟಿನಿಂದ ಹೊರದೂಡಿ ಇನ್ನೊಬ್ಬರ ಮೇಲೆ ಕನಿಕರಪಡುವುದು ಅರ್ಧ ಅನುಕಂಪ.

ಆದುದರಿಂದ ಎರಡು ಚಿತ್ರ ತೆಗೆಯಬೇಕೆಂಬುದು ನನ್ನ ಅಭಿಮತ. ಒಂದು, ಹಕ್ಕಿಯ ರೂಪಕ್ಕೆ. ಇನ್ನೊಂದು, ಅದರ ಬಾಳಿಗೆ.

ಅಂದು ಉದ್ದದ ಮಸೂರವನ್ನು ಕಳಚಿ, ಆ ತಾಯಿಯ ಒಪ್ಪಿಗೆ ಪಡೆದು ಮತ್ತೊಂದು ಚಿತ್ರ ತೆಗೆದೆ. ಈಗ ಎರಡೂ ನನ್ನ ಕೊಠಡಿಯ ಗೋಡೆಯ ಮೇಲಿವೆ. ಬಂದ ವಿದ್ಯಾರ್ಥಿಗಳು ಮೊದಲನೆಯದನ್ನು ಮೆಚ್ಚಿ ಮುಂದೆ ಸಾಗುತ್ತಾರೆ. ಎರಡನೆಯದರ ಮುಂದೆ ನಿಂತು, “ಇದರಲ್ಲಿ ಹಕ್ಕಿ ಎಲ್ಲಿದೆ, ಸರ್?” ಎನ್ನುತ್ತಾರೆ. ನಾನು ತೋರಿಸುವುದಿಲ್ಲ. ಬೋಟು, ಮಂಜುಗಡ್ಡೆ, ಬುಟ್ಟಿ, ಮೀನು ಹಿಡಿದ ಒದ್ದೆ ಕೈ, ಇವನ್ನೆಲ್ಲ ಹಾದು ಅವರ ಕಣ್ಣು ತಾನಾಗಿಯೇ ಹಕ್ಕಿಯನ್ನು ತಲುಪುತ್ತದೆ.