ಕಂಬಳಿ ನಿಲ್ಲೋದು ಮಗ್ಗದಲ್ಲಲ್ಲ, ರಾಟೆಯಲ್ಲಿ

ಚಳಿಗಾಲ ಬಂತೆಂದರೆ ನಮ್ಮ ಹಾಸ್ಟೆಲ್ ಕಾರಿಡಾರುಗಳಲ್ಲಿ ಈಗ ಹೊಸದೊಂದು ನೋಟ. ಇಂಟರ್ನಲ್ಸ್ ಮುಗಿದ ಸಂಜೆ ಮೂರ್ನಾಲ್ಕು ಜನ ಗೋಡೆಗೆ ಒರಗಿ ಕೂತು, ಮೊಬೈಲಿನ ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡ್ತಾ, ಕ್ರೋಶಾ ಕಡ್ಡಿಯಲ್ಲಿ ದಾರ ಎಳೀತಿರ್ತಾರೆ. ಒಬ್ಬರದು ಟೋಪಿ, ಇನ್ನೊಬ್ಬರದು ಮಫ್ಲರ್, ಮತ್ತೊಬ್ಬರದು ಕೀ ಚೈನಿಗೆ ನೇತುಹಾಕೋ ಪುಟ್ಟ ಆಮೆ. ಕೈಗೆ ಕೆಲಸ, ಕಣ್ಣಿಗೆ ಸ್ಕ್ರೀನಿನಿಂದ ಬಿಡುವು. ಒಳ್ಳೆಯದೇ. ಆದರೆ ಆ ದಾರದ ಉಂಡೆಗೆ ಸುತ್ತಿರೋ ಚೀಟಿ ಒಮ್ಮೆ ಓದಿ ನೋಡಿ. ಬಹುಪಾಲು ಉಂಡೆಗಳ ಮೇಲೆ ಇರೋದು ಅಕ್ರಿಲಿಕ್ ಅಂತ. ನಾವು ‘ಉಲ್ಲನ್’ ಅಂತ ಕರೆಯೋದು ಅಸಲಿಗೆ ಪ್ಲಾಸ್ಟಿಕ್ ಜಾತಿಯ ನೂಲು. ಕುರಿ ಮೈಯಿಂದ ಬಂದ ನಿಜವಾದ ಉಣ್ಣೆ ನಮಗೆ ಒಂದೆರಡು ಬಸ್ಸಿನ ದೂರದಲ್ಲೇ ಇದೆ. ಅದನ್ನು ಕೇಳೋರು ಕಡಿಮೆಯಾಗಿದ್ದಾರೆ, ಅಷ್ಟೇ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ: ಈ ನಾಲ್ಕೂ ತಾಲ್ಲೂಕು ಸೇರಿದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ತುಮಕೂರಿನಿಂದ ಬೇರೆಯಾಗಿ ಕಾಣೋ ಹೆಸರು ಅದು. ನಮ್ಮಲ್ಲಿ ಎಷ್ಟೋ ಜನ ಆ ಪಟ್ಟಿಯಿಂದಲೇ ಬಂದವರು. ಬಂಡೆ, ಕುರುಚಲು ಕಾಡು, ಕಡಿಮೆ ಮಳೆ, ರಾಗಿ, ಕಡಲೆಕಾಯಿ, ಹುಣಸೆ ಮರ ಮತ್ತು ಕುರಿ. ಕುರುಬರು, ಕಾಡುಗೊಲ್ಲರು ತಲೆಮಾರುಗಳಿಂದ ಕುರಿ ಮಂದೆ ಕಟ್ಟಿ ಬದುಕಿದ ಸೀಮೆ. ಕಂಬಳಿ ಇಲ್ಲಿಗೆ ಎಲ್ಲಿಂದಲೋ ಬಂದ ವಸ್ತುವಲ್ಲ, ಇಲ್ಲಿಯ ನೆಲದ ಬೆಳೆಯೇ.

ಈ ಊರುಗಳ ಚಳಿಗಾಲದ ಮನೆ ನೆನಪಿಸಿಕೊಳ್ಳಿ. ರಾಗಿ ಕೊಯ್ದು ಕಣಕ್ಕೆ ಬರೋ ಕಾಲ. ಮನೆ ತುಂಬ ಸೊಗಡವರೆಯ ವಾಸನೆ. ರಾತ್ರಿ ನೆನೆಸಿಟ್ಟ ಅವರೆಕಾಳನ್ನು ಎಲ್ಲರೂ ಸುತ್ತ ಕೂತು ಹಿತಕೋದು. ಸಂಕ್ರಾಂತಿ ಕಳೀತಿದ್ದ ಹಾಗೆ ಹುಣಸೆ ಬಡಿದು, ಕುಟ್ಟಿ, ಬೀಜ ಬಿಡಿಸೋದು. ಹಳೇ ಸೀರೆಗಳನ್ನು ಮಡಿಸಿ ಕೌದಿ ಹೊಲಿಯೋದು. ಪೇಟೆ ಮನೆಗಳಲ್ಲಿ ಹೆಣಿಗೆ ಕಡ್ಡಿ ಹಿಡಿದು ಹುಟ್ಟಲಿರೋ ಮಗುವಿಗೆ ಕುಲಾವಿ, ಬಾಗಿಲಿಗೆ ಉಲ್ಲನ್ ತೋರಣ. ಕುರಿ ಸಾಕೋ ಮನೆಗಳಲ್ಲಿ ಉಂಡೆದ್ದ ಮೇಲೆ ಅಜ್ಜಿ ರಾಟೆ ಮುಂದೆ ಕೂರೋದು. ಇಷ್ಟನ್ನೂ ಮಾಡೋದು ಹೆಚ್ಚಾಗಿ ಹೆಂಗಸರು. ಇಷ್ಟಕ್ಕೂ ನಾವು ಇಟ್ಟಿರೋ ಹೆಸರು ಒಂದೇ: ‘ಬಿಡುವಿನ ಕೆಲಸ’.

ನಮ್ಮ ತಕರಾರು ಇರೋದು ಈ ಮಾತಿನ ಮೇಲೇ. ಲೆಕ್ಕ ಹಾಕೋಣ, ಎಂಜಿನಿಯರಿಂಗ್ ಓದ್ತಿದ್ದೀವಲ್ಲ. ದಖ್ಖನಿ ತಳಿಯ ಒಂದು ಕುರಿ ವರ್ಷಕ್ಕೆ ಕೊಡೋ ಉಣ್ಣೆ ಸುಮಾರು ಅರ್ಧ ಕೆಜಿ. ಎರಡು ಕೆಜಿ ತೂಗೋ ಕಂಬಳಿಗೆ ನಾಲ್ಕು ಕುರಿಯ ಒಂದು ವರ್ಷದ ಉಣ್ಣೆ ಬೇಕು. ಅದನ್ನು ಕತ್ತರಿಸಬೇಕು, ಕಸ ಮುಳ್ಳು ಆರಿಸಬೇಕು, ಹಿಂಜಬೇಕು, ನೂಲಬೇಕು. ಹಾಸಿನ ಎಳೆಗೆ ಹುಣಸೆ ಬೀಜದ ಅಂಟು ಬಳಿದು ಒಣಗಿಸಬೇಕು. ಆಮೇಲೆ ಮಗ್ಗ. ಕುಳಿಯಲ್ಲಿ ಕಾಲಿಳಿಬಿಟ್ಟು ನೇಯೋ ಗಂಡಸಿನ ಫೋಟೋ ಎಲ್ಲರೂ ತೆಗೀತಾರೆ. ನೇಯೋದಕ್ಕೆ ಹಿಡಿಯೋ ಸಮಯದ ಹಲವು ಪಟ್ಟು ನೂಲೋದಕ್ಕೆ ಹಿಡಿಯುತ್ತೆ. ಪ್ರೊಡಕ್ಷನ್ ಕ್ಲಾಸಿನಲ್ಲಿ ಬಾಟಲ್‌ನೆಕ್ ಅಂತ ಓದಿಲ್ಲವೇ? ಕಂಬಳಿಯ ಬಾಟಲ್‌ನೆಕ್ ಮಗ್ಗ ಅಲ್ಲ, ರಾಟೆ. ಇಡೀ ಕಸುಬಿನ ವೇಗ ನಿರ್ಧಾರ ಆಗೋದು ಆ ಅಜ್ಜಿಯ ಕೈಯಲ್ಲಿ. ಅದಕ್ಕೆ ಕೂಲಿ ಮಾತ್ರ ಯಾರೂ ಬೇರೆಯಾಗಿ ಬರೆದಿಡಲ್ಲ. ಕಂಬಳಿ ಮಾರಿದ ದುಡ್ಡಲ್ಲಿ ಅದು ಸೇರಿದೆ ಅಂತ ಎಲ್ಲರೂ ಅಂದುಕೊಂಡು ಸುಮ್ಮನಿರ್ತಾರೆ.

ಈಗ ಆ ಕೈಗಳಿಗೆ ವಯಸ್ಸಾಗ್ತಿದೆ. ಜೊತೆಗೆ ಬೇರೆ ಏಟುಗಳೂ ಬಿದ್ದಿವೆ. ಮಾಂಸಕ್ಕೆ ಬೆಲೆ ಏರಿದ ಹಾಗೆ, ಬೇಗ ತೂಕ ಬರೋ, ಮೈಮೇಲೆ ಉಣ್ಣೆಯೇ ಇಲ್ಲದ ತಳಿಗಳು ಮಂದೆಗೆ ಬಂದವು. ಸಾಕೋರ ಕಡೆಯಿಂದ ನೋಡಿದರೆ ಅದು ಸರಿಯಾದ ಲೆಕ್ಕವೇ. ಉಣ್ಣೆ ಮಾರಿದ ದುಡ್ಡು ಕತ್ತರಿಸಿದ ಕೂಲಿಗೂ ಸಾಲದಿದ್ದರೆ ಯಾರು ಉಣ್ಣೆ ಕುರಿ ಸಾಕ್ತಾರೆ? ಪಾಣಿಪತ್ ಕಡೆಯಿಂದ ಬರೋ ಮೆತ್ತನೆ, ಬಣ್ಣಬಣ್ಣದ ಹೊದಿಕೆ ಸಂತೆಯಲ್ಲಿ ಕಂಬಳಿಗಿಂತ ಎಷ್ಟೋ ಅಗ್ಗ. ಮೇಯೋ ಜಾಗವೂ ಕಡಿಮೆಯಾಗ್ತಿದೆ. ಇಂಡಸ್ಟ್ರಿಯಲ್ ವಿಸಿಟ್‌ಗೆ ಹೋಗಿ ನಾವು ಬೆರಗಾಗಿ ನೋಡೋ ಪಾವಗಡದ ಸೋಲಾರ್ ಪಾರ್ಕು ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಅದರ ಬಗ್ಗೆ ನಮಗೂ ಹೆಮ್ಮೆ ಇದೆ. ಆದರೆ ಗುತ್ತಿಗೆ ಹಣ ಹೋಗೋದು ಜಮೀನಿರೋರಿಗೆ. ಜಮೀನಿಲ್ಲದೆ, ಬೀಳು ನೆಲದಲ್ಲಿ ಕುರಿ ಮೇಯಿಸ್ತಿದ್ದವನ ಹೆಸರು ಯಾವ ಕರಾರಿನಲ್ಲೂ ಬರಲ್ಲ.

‘ಹೋದರೆ ಹೋಗಲಿ, ಚುಚ್ಚೋ ಕಂಬಳಿ ಯಾರಿಗೆ ಬೇಕು?’ ಅಂತ ಕೇಳೋರಿದ್ದಾರೆ. ಚುಚ್ಚೋದು ನಿಜ. ಸ್ವೆಟರಿಗೆ ಬಳಸೋ ಮೆರಿನೊ ಉಣ್ಣೆಯ ಎಳೆ 20 ಮೈಕ್ರಾನ್ ಆಸುಪಾಸು, ದಖ್ಖನಿಯದು ಅದರ ಎರಡು ಪಟ್ಟು ದಪ್ಪ. ಅದರಲ್ಲಿ ಮಫ್ಲರ್ ಹೆಣೆದರೆ ಕತ್ತು ಕೆಂಪಾಗೋದು ಖಂಡಿತ, ಸುಳ್ಳು ಹೇಳಲ್ಲ. ಆದರೆ ಅದು ಮಾಡೋ ಕೆಲಸವೇ ಬೇರೆ. ಉಣ್ಣೆ ತನ್ನ ತೂಕದ ಶೇ. 30ರಷ್ಟು ತೇವ ಹೀರಿದರೂ ಮುಟ್ಟಿದರೆ ಒದ್ದೆ ಅನಿಸಲ್ಲ. ಅದಕ್ಕೇ ಕುರಿಗಾಹಿ ಮಳೆಯಲ್ಲಿ ಅದನ್ನೇ ಕೊಪ್ಪೆ ಮಾಡಿಕೊಂಡು ನಿಲ್ತಾನೆ. ಪಾಲಿಯೆಸ್ಟರ್ ಹೊದಿಕೆ ಸುಮಾರು 250 ಡಿಗ್ರಿಗೆ ಕರಗಿ ಚರ್ಮಕ್ಕೆ ಅಂಟುತ್ತೆ. ಉಣ್ಣೆ ಸುಲಭಕ್ಕೆ ಹೊತ್ತಿಕೊಳ್ಳಲ್ಲ, ಕಿಡಿ ಬಿದ್ದರೆ ಕರಕಲಾಗಿ ಅಲ್ಲೇ ಆರುತ್ತೆ. ಚಳಿಗೆ ಒಲೆ ಮುಂದೆ, ಬೆಂಕಿ ಸುತ್ತ ಕೂರೋ ಮನೆಗೆ ಯಾವುದು ಒಳ್ಳೆಯದು ಅಂತ ಮೆಟೀರಿಯಲ್ ಸೈನ್ಸ್ ಓದಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಪ್ರಶ್ನೆ ಇದಕ್ಕಿಂತ ಗಟ್ಟಿಯಾದದ್ದು. ನಮ್ಮ ಓರಗೆಯ ಹುಡುಗಿಗೆ ‘ನೀನೂ ಅಜ್ಜಿ ಥರ ರಾತ್ರಿಯೆಲ್ಲ ನೂಲು’ ಅನ್ನೋಕೆ ನಮಗೇನು ಹಕ್ಕು? ಯಾವ ಹಕ್ಕೂ ಇಲ್ಲ. ತಿಂಗಳ ಸಂಬಳ ಕೊಡೋ ಗಾರ್ಮೆಂಟ್ಸಿಗೆ ಆಕೆ ಹೋದರೆ ಅದೇ ಸರಿ. ಪರಂಪರೆ ಉಳಿಸೋ ಭಾರವನ್ನು ಸಂಬಳವಿಲ್ಲದ ಕೈಗಳ ಮೇಲೇ ಹೊರಿಸಿ, ವರ್ಷಕ್ಕೊಮ್ಮೆ ವೇದಿಕೆ ಮೇಲೆ ಗಣ್ಯರ ಹೆಗಲಿಗೆ ಕಂಬಳಿ ಹೊದಿಸಿ ಚಪ್ಪಾಳೆ ಹೊಡೆಯೋದು ನಮಗೆ ಒಪ್ಪಿಗೆಯಿಲ್ಲ. ಕಸುಬು ಉಳಿಯಬೇಕಾದರೆ ಆ ಕೆಲಸದ ದಣಿವು ಇಳಿಯಬೇಕು, ಕೂಲಿ ಏರಬೇಕು. ಇಲ್ಲಿ ಎಂಜಿನಿಯರುಗಳಿಗೆ ಕೆಲಸ ಇದೆ.

ಪ್ರತಿ ವರ್ಷ ಫೈನಲ್ ಇಯರ್ ಪ್ರಾಜೆಕ್ಟ್ ಪಟ್ಟಿ ನೋಡ್ತೀವಿ. ಸ್ಮಾರ್ಟ್ ಡಸ್ಟ್‌ಬಿನ್, ತಾನೇ ಹೊತ್ತಿಕೊಳ್ಳೋ ಬೀದಿ ದೀಪ, ಮುಖ ಗುರುತಿಸಿ ಹಾಜರಿ ಹಾಕೋ ಯಂತ್ರ. ವೈವಾ ಮುಗಿದ ಮೇಲೆ ಅವೆಲ್ಲ ಬೀರುವಿನ ಮೇಲೆ ಧೂಳು ತಿನ್ನುತ್ತವೆ. ಅದರ ಬದಲು ಮೆಕ್ಯಾನಿಕಲ್‌ನವರು ಒರಟು ಉಣ್ಣೆಗೆ ಹೊಂದೋ, ಮನೆಯ ಸಿಂಗಲ್ ಫೇಸ್ ಕರೆಂಟಿನಲ್ಲಿ ಓಡೋ ಪುಟ್ಟ ಹಿಂಜೋ ಯಂತ್ರ ಮಾಡಬಾರದೇಕೆ? ಎಲೆಕ್ಟ್ರಾನಿಕ್ಸ್‌ನವರು ನೂಲೋರ ಕೈ ನಿಧಾನಿಸಿದಾಗ ತಾನೂ ನಿಧಾನಿಸೋ ಮೋಟಾರ್ ರಾಟೆ ಮಾಡಬಹುದು. ಸಿವಿಲ್‌ನವರಿಗೂ ಪಾಲಿದೆ. ಶಾಖ ತಡೆಯೋದರಲ್ಲಿ ಉಣ್ಣೆಯ ಹಾಸು ಗ್ಲಾಸ್ ವೂಲ್‌ಗೆ ಹತ್ತಿರ ಹತ್ತಿರ ಸಮ. ಪಾವಗಡದ ಬೇಸಿಗೆಯಲ್ಲಿ ಶೀಟಿನ ಮನೆ ಕೆಳಗೆ ಕೂತವರಿಗೆ ಆ ಮಾತಿನ ಬೆಲೆ ಗೊತ್ತು. ಕಂಬಳಿಗೆ ಬಾರದ ತುಂಡು ಉಣ್ಣೆಗೂ ಅಲ್ಲಿ ಒಂದು ದಾರಿ ಸಿಗುತ್ತೆ. ಹೀಗೆ ಮಾಡೋ ವಿದ್ಯಾರ್ಥಿ ಪ್ರಾಜೆಕ್ಟುಗಳಿಗೆ ಹಣ ಕೊಡೋ ಯೋಜನೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿದೆ. ಉಣ್ಣೆಗೆಂದೇ ರಾಜ್ಯದಲ್ಲಿ ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮ ಇದೆ. ಬಾಗಿಲು ತಟ್ಟೋಕೆ ಜಾಗ ಇಲ್ಲ ಅಂತ ಹೇಳೋ ಹಾಗಿಲ್ಲ.

ಮಾಡೋರಿಗೆ ಮೂರು ಮಾತು. ಮೊದಲು ರಾಟೆ ಮುಂದೆ ಒಂದು ವಾರ ಕೂತು ನೂಲೋದು ಕಲಿಯಿರಿ, ಆಮೇಲೆ ಕ್ಯಾಡ್ ಫೈಲ್ ತೆರೆಯಿರಿ. ಎರಡನೆಯದು, ಯಂತ್ರ ಕೆಟ್ಟರೆ ಮಧುಗಿರಿಯ ಸೈಕಲ್ ಶಾಪಿನಲ್ಲೋ ಶಿರಾದ ಮೋಟಾರ್ ವೈಂಡಿಂಗ್ ಅಂಗಡಿಯಲ್ಲೋ ರಿಪೇರಿ ಆಗೋ ಹಾಗಿರಲಿ. ಮೂರನೆಯದು, ಯಂತ್ರದ ಒಡೆತನ ನೂಲೋ ಹೆಂಗಸಿನದೇ ಆಗಿರಲಿ. ಇಲ್ಲದಿದ್ದರೆ ಇವತ್ತು ಪುಕ್ಕಟೆ ದುಡಿಯೋರು ನಾಳೆ ಕೆಲಸವನ್ನೇ ಕಳೆದುಕೊಳ್ತಾರೆ.

ಕನ್ನಡ ಸಂಘದ ಪತ್ರಿಕೆಯಲ್ಲಿ ಇದೆಲ್ಲ ಯಾಕೆ ಅನ್ನಬೇಡಿ. ‘ಹಾಸುಹೊಕ್ಕು’ ಅಂತ ಭಾಷಣದಲ್ಲಿ, ಪ್ರಬಂಧದಲ್ಲಿ ಎಷ್ಟು ಸಲ ಬರೀತೀವಿ? ಹಾಸು ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆ, ಹೊಕ್ಕು ಅಂದರೆ ಲಾಳಿ ಅಡ್ಡಕ್ಕೆ ಒಯ್ಯೋ ಎಳೆ. ಎಳೆಎಳೆಯಾಗಿ ಬಿಡಿಸಿ ಹೇಳೋದು, ಸಿಕ್ಕು ಬಿಡಿಸೋದು, ಮಾತು ನೇಯೋದು, ಕತೆ ಹೆಣೆಯೋದು, ಎಲ್ಲ ಇದೇ ಮನೆಗಳಿಂದ ಬಂದ ನುಡಿ. ರಾಟೆ ನಿಂತ ಮೇಲೂ ಪದಗಳು ನಿಘಂಟಿನಲ್ಲಿ ಉಳೀತವೆ, ಅರ್ಥ ಮಾತ್ರ ಕೈಯಿಂದ ಜಾರಿರುತ್ತೆ.

ಸಂಕ್ರಾಂತಿ ರಜೆಗೆ ಊರಿಗೆ ಹೋಗೋರು ಒಂದು ಕೆಲಸ ಮಾಡಿ. ಮನೆಯಲ್ಲೋ ಪಕ್ಕದ ಹಟ್ಟಿಯಲ್ಲೋ ನೂಲೋರು ಇದ್ದರೆ, ಒಂದು ಕಂಬಳಿಗೆ ಎಷ್ಟು ದಿನ ನೂಲಿದರು, ಕೈಗೆ ಎಷ್ಟು ಬಂತು ಅಂತ ಕೇಳಿ ಬರೆದುಕೊಂಡು ಬನ್ನಿ. ನಾಲ್ಕು ತಾಲ್ಲೂಕಿನ ಆ ಲೆಕ್ಕವನ್ನು ಇದೇ ಪತ್ರಿಕೆಯಲ್ಲಿ ಒಟ್ಟಿಗೆ ಹಾಕ್ತೀವಿ. ಮುಂದಿನ ವರ್ಷದ ಪ್ರಾಜೆಕ್ಟು ಅಲ್ಲಿಂದ ಶುರುವಾಗಲಿ.